ಜೇಬಿನ ಕ್ಯಾಮರಾ, ಲಾಲ್‌ಬಾಗಿನ ಹೂವು

ಜನವರಿಯ ಗಣರಾಜ್ಯೋತ್ಸವ, ಆಗಸ್ಟಿನ ಸ್ವಾತಂತ್ರ್ಯೋತ್ಸವ. ಈ ಎರಡರ ಆಸುಪಾಸಿನಲ್ಲಿ ನಡೆಯುವ ಪುಷ್ಪಪ್ರದರ್ಶನವನ್ನು ಒಮ್ಮೆಯೂ ನೋಡದ ಕುಟುಂಬ ಬೆಂಗಳೂರಿನಲ್ಲಿ ಸಿಕ್ಕುವುದು ಕಷ್ಟ. ಅಜ್ಜಿಯ ಕೈ ಹಿಡಿದ ಮೊಮ್ಮಗ, ಕೂಸನ್ನು ಹೆಗಲೇರಿಸಿಕೊಂಡ ತಂದೆ, ತಿಂಡಿಯ ಚೀಲ ಹೊತ್ತ ತಾಯಿ, ಎಲ್ಲರೂ ಸಾಲಿನಲ್ಲಿ ಗಾಜಿನ ಮನೆಯತ್ತ ಸರಿಯುತ್ತಿರುತ್ತಾರೆ. ನಡುನಡುವೆ ಚಿತ್ರಗಳನ್ನು ತೆಗೆಯುವುದೂ ನಡೆದೇ ಇರುತ್ತದೆ. ಸಂಜೆ ಮನೆಗೆ ಬಂದು ನೋಡಿದರೆ ಹೂವೇನೋ ಬಂದಿರುತ್ತದೆ. ಅದರೊಡನೆ ಎದುರಿನವರ ಬೆನ್ನು, ಕುಂಡದ ಅಂಚು, ಹೆಸರಿನ ಚೀಟಿ, ಅಡ್ಡ ಕಟ್ಟಿದ ಹಗ್ಗ, ಇವೆಲ್ಲವೂ ಹೂವಿನಷ್ಟೇ ಸ್ಫುಟವಾಗಿ ಮೂಡಿರುತ್ತವೆ. ತಪ್ಪೆಲ್ಲ ಜೇಬಿನ ಪುಟ್ಟ ಕ್ಯಾಮರಾದ ಪಾಲಿಗೆ. ಅದು ಮತ್ತೆ ಕಪಾಟು ಸೇರುತ್ತದೆ.

ಈ ದೂರಿನಲ್ಲಿ ಅರ್ಧ ಸತ್ಯವಿದೆ. ಜೇಬಿನಲ್ಲಿ ಹಿಡಿಯುವ ಸಾಮಾನ್ಯ ಡಿಜಿಟಲ್ ಕ್ಯಾಮರಾಗಳಲ್ಲಿ ಬೆಳಕನ್ನು ಗ್ರಹಿಸುವ ಫಲಕದ ಅಗಲ ಸುಮಾರು 6 ಮಿಲಿಮೀಟರ್, ಎತ್ತರ ಸುಮಾರು ನಾಲ್ಕೂವರೆ. ಕಿರುಬೆರಳಿನ ಉಗುರಿಗಿಂತಲೂ ಚಿಕ್ಕದು. ಹಳೆಯ ಫಿಲ್ಮಿನ ಒಂದು ಚೌಕಟ್ಟಾದರೋ 36ಕ್ಕೆ 24 ಮಿಲಿಮೀಟರ್ ಇತ್ತು. ಫಲಕ ಚಿಕ್ಕದಾದಂತೆ ಮಸೂರದ ನಾಭಿದೂರವೂ ಕುಗ್ಗುತ್ತದೆ. ಆಗ ಹತ್ತಿರದ್ದೂ ದೂರದ್ದೂ ಒಂದೇ ಸಮನೆ ಸ್ಪಷ್ಟವಾಗಿ ಬೀಳುತ್ತದೆ. ದೊಡ್ಡ ಕ್ಯಾಮರಾ ಹಿಂದಿನ ಗದ್ದಲವನ್ನೆಲ್ಲ ಮಂಜಿನಂತೆ ಕರಗಿಸಿ ಹೂವೊಂದನ್ನೇ ಎತ್ತಿ ಹಿಡಿಯಬಲ್ಲದು. ಚಿಕ್ಕದಕ್ಕೆ ಆ ದಾಕ್ಷಿಣ್ಯವಿಲ್ಲ. ಕಂಡದ್ದನ್ನೆಲ್ಲ ಹೇಳಿಬಿಡುವ ಮಗುವಿನ ಸ್ವಭಾವ ಅದರದು.

ಆದ್ದರಿಂದ ಇಂಥ ಕ್ಯಾಮರಾ ಹಿಡಿದವರು ಹೂವನ್ನಲ್ಲ, ಹಿನ್ನೆಲೆಯನ್ನು ಮೊದಲು ಹುಡುಕಬೇಕು. ಇದೊಂದನ್ನು ರೂಢಿಸಿಕೊಂಡವರಿಗೆ ಲಾಲ್‌ಬಾಗಿನಂಥ ಸ್ಥಳ ಮತ್ತೊಂದಿಲ್ಲ. 1760ರಲ್ಲಿ ಹೈದರಾಲಿ ಆರಂಭಿಸಿದ ಈ ತೋಟ ಈಗ 240 ಎಕರೆಗಳಷ್ಟು ಹರಡಿದೆ. ಜನಜಂಗುಳಿಯೆಲ್ಲ ಗಾಜಿನ ಮನೆಯ ಸುತ್ತ ನೆರೆದಿದ್ದರೆ, ಹಳೆಯ ಮರಗಳ ಬುಡದಲ್ಲಿ ನೆರಳು ಗಾಢವಾಗಿ, ನಿಶ್ಶಬ್ದವಾಗಿ ಬಿದ್ದಿರುತ್ತದೆ. ಬೆಳಗಿನ ಓರೆ ಬಿಸಿಲು ಒಂದು ಡೇರೆ ಹೂವಿನ ಮೇಲೆ ಬಿದ್ದು, ಅದರ ಹಿಂದೆ ಹತ್ತಿಪ್ಪತ್ತು ಮಾರು ದೂರದಲ್ಲಿ ಮರದ ನೆರಳಿದ್ದರೆ ಸಾಕು. ಆ ನೆರಳು ಚಿತ್ರದಲ್ಲಿ ಕಪ್ಪು ಮಖಮಲ್ಲಾಗಿ ಇಳಿಯುತ್ತದೆ. ಇದಕ್ಕಾಗಿ ಎರಡು ಹೆಜ್ಜೆ ಬಲಕ್ಕೆ ಸರಿಯಬೇಕಾದೀತು, ಮೊಣಕಾಲೂರಬೇಕಾದೀತು. ಪಂಚೆಯೋ ಸೀರೆಯೋ ಮಣ್ಣಾದರೆ ಆಗಲಿ.

ಗಾಜಿನ ಮನೆಯನ್ನು ಕಡೆಗಣಿಸಬೇಕೆಂದಲ್ಲ. 1889ರ ನವೆಂಬರ್ 30ರಂದು ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅಡಿಗಲ್ಲು ಹಾಕಿದ ಈ ಕಟ್ಟಡಕ್ಕೆ ಲಂಡನ್ನಿನ ಸ್ಫಟಿಕ ಸೌಧವೇ ಮಾದರಿ. ಹೂವಿನಲ್ಲಿ ಕಟ್ಟಿದ ಗೋಪುರ, ಮಂಟಪಗಳಿಗೆ ಬೆರಗಾಗಿ ನಿಂತವರು ತಲೆಯ ಮೇಲಿನ ಗಾಜನ್ನು ಗಮನಿಸುವುದು ವಿರಳ. ಬೆಳಕು ಅದರ ಮೂಲಕ ಸೋಸಿ ಮೃದುವಾಗಿ ಇಳಿಯುವುದರಿಂದ ದಳಗಳ ಮೇಲೆ ಕಟುವಾದ ನೆರಳು ಬೀಳುವುದಿಲ್ಲ. ಇಂಥ ಬೆಳಕಿನಲ್ಲಿ ಫ್ಲಾಷ್ ಹೊಡೆಯುವುದು ಮಲ್ಲಿಗೆಗೆ ಅತ್ತರು ಬಳಿದಂತೆ. ಆಗಸ್ಟಿನ ಮೋಡ ಕವಿದ ದಿನಗಳಲ್ಲಿ ತೋಟವೆಲ್ಲವೂ ಒಂದು ದೊಡ್ಡ ಗಾಜಿನ ಮನೆಯೇ ಆಗಿಬಿಡುತ್ತದೆ. ಹೂವಿನ ಚಿತ್ರಕ್ಕೆ ಜನವರಿಯ ನಡುಹಗಲಿನ ಬಿಸಿಲಿಗಿಂತ ಅದೇ ಲೇಸು.

ಕ್ಯಾಮರಾದ ಮೈಮೇಲೆ ಪುಟ್ಟ ಹೂವಿನ ಗುರುತುಳ್ಳ ಗುಂಡಿಯೊಂದಿರುತ್ತದೆ. ಅದನ್ನೊತ್ತಿದರೆ ಕೆಲವು ಅಂಗುಲಗಳ ಸಮೀಪಕ್ಕೆ ಹೋಗಬಹುದು. ಆದರೆ ಜೂಮನ್ನು ಮುಂದೆ ತಂದರೆ ಈ ಸಾಮೀಪ್ಯ ಸಾಮಾನ್ಯವಾಗಿ ದಕ್ಕದು. ಅದನ್ನು ಹಿಂದಕ್ಕೆ ಸರಿಸಿ ಕ್ಯಾಮರಾವನ್ನೇ ಹೂವಿನೆದುರು ಒಯ್ಯಬೇಕು. ಹೀಗೆ ಹತ್ತಿರ ಹೋದಷ್ಟೂ ಹಿನ್ನೆಲೆ ತಾನಾಗಿ ಮಸುಕಾಗುತ್ತದೆ. ದೊಡ್ಡ ಕ್ಯಾಮರಾದ ವರ ಚಿಕ್ಕದಕ್ಕೂ ಸ್ವಲ್ಪ ಸಿಕ್ಕಂತಾಯಿತು. ಕ್ಯಾಮರಾದ ನೆರಳೇ ಹೂವಿನ ಮೇಲೆ ಬೀಳದಂತೆ ಮಾತ್ರ ನೋಡಿಕೊಳ್ಳಬೇಕು. ಒತ್ತಿದ ಎರಡು ಸೆಕೆಂಡಿನ ಮೇಲೆ ಚಿತ್ರ ತೆಗೆಯುವ ಏರ್ಪಾಡಿದ್ದರೆ ಬೆರಳಿನ ಅಲುಗಾಟ ಚಿತ್ರಕ್ಕೆ ಇಳಿಯದು. ಕರವಸ್ತ್ರವನ್ನು ಹೂವಿನ ಪಕ್ಕಕ್ಕೆ ಹಿಡಿದರೆ ನೆರಳಿನ ಭಾಗಕ್ಕೂ ಒಂದಿಷ್ಟು ಬೆಳಕು ಮರಳುತ್ತದೆ. ಈ ಕೆಲಸಕ್ಕೆ ಜೊತೆಗೆ ಬಂದ ಮಕ್ಕಳಿಗಿಂತ ಉತ್ಸಾಹಿ ಸಹಾಯಕರಿಲ್ಲ.

ಬಣ್ಣದ ವಿಷಯದಲ್ಲಿ ಯಂತ್ರವನ್ನು ಪೂರ್ತಿ ನಂಬಬಾರದು. ಕೆಂಪು ದಾಸವಾಳ ಬಿಸಿಲಿನಲ್ಲಿ ಎಳೆ ನರಗಳನ್ನೆಲ್ಲ ಕಳೆದುಕೊಂಡು ಬರಿಯ ಕುಂಕುಮದ ಮುದ್ದೆಯಾಗಿ ಮೂಡುತ್ತದೆ. ಚೌಕಟ್ಟು ತುಂಬ ಬಿಳಿ ಹೂವಿದ್ದರೆ ಕ್ಯಾಮರಾ ಅದನ್ನು ಬೂದಿಬಣ್ಣಕ್ಕೆ ಇಳಿಸುತ್ತದೆ; ಅದೇ ಹೂವು ಕತ್ತಲೆಯ ಹಿನ್ನೆಲೆಯಲ್ಲಿ ಪುಟ್ಟದಾಗಿದ್ದರೆ ಸುಣ್ಣ ಬಳಿದಂತೆ ಸುಟ್ಟುಹೋಗುತ್ತದೆ. ಕೂಡು–ಕಳೆ ಚಿಹ್ನೆಯ ಗುಂಡಿ ಇರುವುದು ಇದಕ್ಕಾಗಿಯೇ: ಕೆಂಪಿಗೂ ಕತ್ತಲೆಯೊಳಗಿನ ಬಿಳುಪಿಗೂ ಕಳೆಯಬೇಕು, ತುಂಬುಬಿಳುಪಿಗೆ ಕೂಡಬೇಕು.

ಒಳ್ಳೆಯ ಚಿತ್ರದ ಆಸೆಗೆ ದಂಟನ್ನು ಬಗ್ಗಿಸುವವರು, ಪಾತಿಯೊಳಗೆ ಕಾಲಿಡುವವರು, ಅಡ್ಡ ಬಂದ ಹೂವನ್ನು ಚಿವುಟಿ ಎಸೆಯುವವರು ಇದ್ದಾರೆ. ತೋಟದ ಮಾಲಿಗಳು ತಿಂಗಳುಗಟ್ಟಲೆ ನೀರೆರೆದು ಬೆಳೆಸಿದ್ದನ್ನು ಒಂದು ಕ್ಷಣದ ಚಿತ್ರಕ್ಕಾಗಿ ಕೆಡಿಸುವುದಕ್ಕೆ ಕಲೆಯೆಂಬ ಹೆಸರು ಸಲ್ಲದು. ಅಮೆರಿಕದ ಇಮೋಜನ್ ಕನ್ನಿಂಗ್‌ಹ್ಯಾಮ್ ಎಂಬ ಛಾಯಾಗ್ರಾಹಕಿ ಮೂವರು ಗಂಡುಮಕ್ಕಳನ್ನು ಸಾಕುತ್ತ ಮನೆ ಬಿಟ್ಟು ಹೊರಡಲಾರದ ಕಾಲದಲ್ಲಿ ತೋಟದ ಗಿಡಗಳತ್ತ ತಿರುಗಿದಳು. ಇಂದು ಜಗತ್ಪ್ರಸಿದ್ಧವಾದ ಅವಳ ಮ್ಯಾಗ್ನೋಲಿಯಾ ಚಿತ್ರ 1925ರದು. ಅವಳ ಕ್ಯಾಮರಾ ಜೇಬಿನದಲ್ಲ, ನಿಜ. ಆದರೆ ಅವಳು ಹೂವಿಗಾಗಿ ದೇಶಾಂತರ ಹೋದವಳೂ ಅಲ್ಲ.

ಪ್ರದರ್ಶನದ ದಿನಗಳು ಕಳೆದ ಮೇಲೂ ತೋಟ ಬರಿದಾಗುವುದಿಲ್ಲ. ಜರ್ಮನಿಯಿಂದ ಬಂದು ಇಲ್ಲಿ ದುಡಿದ ಕ್ರುಂಬಿಗಲ್, ಒಂದರ ಹೂವು ಮುಗಿಯುತ್ತಿದ್ದಂತೆ ಇನ್ನೊಂದು ಅರಳುವಂತೆ ಮರಗಳನ್ನು ಆರಿಸಿ ನಗರದಲ್ಲಿ ನೆಡಿಸಿದವರು. ಚಿಕ್ಕ ಕ್ಯಾಮರಾಕ್ಕೆ ಹೇಳಿ ಮಾಡಿಸಿದಂಥದ್ದು ಮಾತ್ರ ನಾಗಲಿಂಗದ ಮರ. ಅದರ ಹೂವು ಎತ್ತರದ ಕೊಂಬೆಯ ತುದಿಗೆ ಹೋಗದೆ ಕಾಂಡದಿಂದಲೇ ಹೊರಟು, ಒಮ್ಮೊಮ್ಮೆ ಆಳಿನ ಎದೆಯೆತ್ತರದಲ್ಲೇ ಅರಳಿರುತ್ತದೆ. ಹಿನ್ನೆಲೆಗೆ ಒರಟು ತೊಗಟೆಯ ಕಂದು. ಹೆಡೆಯಂತೆ ಬಾಗಿದ ಕೇಸರಗಳ ಒಳಗೆ ಬೆಳಕು ನುಗ್ಗುವಂತೆ ಪಕ್ಕದಿಂದ ನೋಡಬೇಕು. ಕೈಗೆಟುಕದಿದ್ದರೂ ಚಿಂತೆಯಿಲ್ಲ: ಉದುರಿದ ಹೂವು ಬಹಳ ಸಲ ಇಡಿಯಾಗಿಯೇ ನೆಲದ ಮೇಲಿರುತ್ತದೆ, ಪರಿಮಳವನ್ನೂ ಉಳಿಸಿಕೊಂಡು. ತರಗೆಲೆಯ ನಡುವೆ ಅದು ಬಿದ್ದ ಭಂಗಿಯಲ್ಲೇ ಚಿತ್ರ ತೆಗೆಯಬಹುದು. ತೋಟ ಗುಡಿಸುವವರ ಪೊರಕೆ ಆ ಮರದಡಿಗೆ ಬರುವಷ್ಟರಲ್ಲಿ ಅಲ್ಲಿರಬೇಕು, ಅಷ್ಟೆ.