ಮಾಗೋಡಿನ ಜಗುಲಿಯಲ್ಲಿ ಟೆಕ್ನೋ ಶ್ರುತಿ

ಮಾಗೋಡು ಅಂದಕೂಡಲೇ ಜಲಪಾತ ಅಂತೀರಿ. ಸರಿಯೇ ಸ್ವಾಮಿ! ಯಲ್ಲಾಪುರದಿಂದ ಸುಮಾರು 20 ಕಿಲೋಮೀಟರ್ ಕಾಡಿನ ದಾರಿ. ಬೇಡ್ತಿ ನದಿ ಇಲ್ಲಿ ಎರಡು ನೆಗೆತದಲ್ಲಿ ಸುಮಾರು 200 ಮೀಟರ್ ಕೆಳಗೆ ಬೀಳುತ್ತದೆ. ನಾಯಕ, ನಾಯಕಿ ಕೈ ಹಿಡಿದು ಓಡುವುದಕ್ಕೆ ಮಾತ್ರ ಜಾಗವಿಲ್ಲ, ಕಂಬಿಯ ಆಚೆ ನೇರ ಪ್ರಪಾತ. ಇದೇ ನದಿ ಘಟ್ಟ ಇಳಿದು ಗಂಗಾವಳಿ ಅನ್ನಿಸಿಕೊಂಡು ಗೋಕರ್ಣದ ಹತ್ತಿರ ಸಮುದ್ರ ಸೇರುತ್ತದೆ. ಈ ಗೋಕರ್ಣವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಾನು ಉಳಿದದ್ದು ಪರಿಚಯದವರ ಅಡಿಕೆ ತೋಟದ ಮನೆಯಲ್ಲಿ. ಆ ಮನೆಯ ಹುಡುಗ ಡಿಜೆ. ಗಣಪತಿ ಹಬ್ಬಕ್ಕೆ, ಮದುವೆಗೆ ಸೌಂಡ್ ಬಾಕ್ಸು ಕಟ್ಟಿ ಬೆಳೆದವನು ಈಗ ಟೆಕ್ನೋ ಹಿಡಿದಿದ್ದಾನೆ. 1980ರ ದಶಕದಲ್ಲಿ ಅಮೆರಿಕದ ಡೆಟ್ರಾಯಿಟ್ ಊರಿನಲ್ಲಿ ಜುವಾನ್ ಆಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್ಸನ್ ಎಂಬ ಮೂವರು ಗೆಳೆಯರು ಬೆಳೆಸಿದ ಯಂತ್ರಸಂಗೀತ ಅದು. ಶನಿವಾರ ಗೋಕರ್ಣದಲ್ಲಿ ಒಂದು ಗಂಟೆ ನುಡಿಸುವ ಮೊದಲ ಅವಕಾಶ ಹುಡುಗನಿಗೆ ಸಿಕ್ಕಿತ್ತು. ಮೆಚ್ಚಿಕೊಂಡರೆ ಸೀಸನ್ ಪೂರ್ತಿ ಕರೆಯುತ್ತಾರೆ. ಇಲ್ಲವಾದರೆ ಮತ್ತೆ ಬಾಕ್ಸು ಹೊರುವುದೇ. ಕಂಟ್ರೋಲರ್ ಯಂತ್ರವೋ ಸಾಲದ್ದು! ನಾನು ಹೋದ ದಿನ ಬುಧವಾರ.

ಡಿಜೆ ಕೆಲಸವೆಂದರೆ ಒಂದಾದ ಮೇಲೊಂದು ಹಾಡು ಹಾಕುವುದು ಅಂದುಕೊಂಡಿದ್ದೀರಾ? ಸಿನಿಮಾದಲ್ಲಿ ಡಿಸಾಲ್ವ್ ಇದೆಯಲ್ಲ, ಒಂದು ದೃಶ್ಯ ಕರಗುತ್ತಾ ಇನ್ನೊಂದು ಮೂಡುವುದು, ಅದೇ ಇದು. ಒಂದೆರಡು ನಿಮಿಷ ಎರಡು ಹಾಡೂ ಒಟ್ಟಿಗೆ ಓಡುತ್ತವೆ. ಆಗ ಎರಡರ ಪೆಟ್ಟೂ ಒಂದೇ ಜಾಗಕ್ಕೆ ಬೀಳಬೇಕು. ಕೂದಲೆಳೆ ತಪ್ಪಿದರೂ ಕುದುರೆ ಓಡಿದ ಹಾಗೆ ಕೇಳುತ್ತದೆ. ಹೊಸ ಹಾಡಿನ ಬೇಸ್ ಏರಿಸುವಾಗ ಹಳೆಯದರ ಬೇಸ್ ಇಳಿಸಬೇಕು.

ಇವನ ತೊಂದರೆ ಎರಡನೇ ಹಾಡಿನಲ್ಲಿ. ಮೊದಲನೆಯದು ನಿಮಿಷಕ್ಕೆ 138 ಪೆಟ್ಟು, ಎರಡನೆಯದು 130. ಎರಡನೆಯದನ್ನು 138ಕ್ಕೆ ಏರಿಸಿದ. ಪೆಟ್ಟು ಕೂತಿತು. ಆದರೂ ಎರಡು ಸೇರಿದಾಗ ಏನೋ ಕರಕರೆ. ಕಂಪ್ಯೂಟರ್ ಎರಡಕ್ಕೂ ಒಂದೇ ಶ್ರುತಿ ತೋರಿಸುತ್ತಿದೆ. ಹಾರ್ಮೋನಿಯಂ ಭಾಷೆಯಲ್ಲಿ ಬಿಳಿ 4. ನಲವತ್ತು ಸಲ ಹಾಕಿರಬೇಕು ಪುಣ್ಯಾತ್ಮ!

ಜಗುಲಿಯಲ್ಲಿ ಅವನ ದೊಡ್ಡಪ್ಪ ಕವಳ ಹಾಕುತ್ತಾ ಕೂತಿದ್ದರು. ಯಕ್ಷಗಾನದಲ್ಲಿ ಮದ್ದಳೆ ಬಾರಿಸಿದ ಕೈ. ಬಾಕ್ಸು ಮನೆಗೆ ಬಂದಾಗಿನಿಂದ ಇಬ್ಬರಿಗೂ ಅಷ್ಟಕ್ಕಷ್ಟೆ. ಅಂದು ಅಲ್ಲಿಂದಲೇ ಅಂದರು:

"ತಮಾ, ಶ್ರುತಿ ಸೇರಿದ್ದಿಲ್ಲೆ."

"ಒಂದೇ ಶ್ರುತಿ ದೊಡ್ಡಪ್ಪ, ಇಲ್ಲಿ ಬರೆದಿದೆ."

"ಬರೆದದ್ದು ನಿಧಾನ ಇದ್ದಾಗಿಂದಲ್ಲವಾ? ನೀನು ಓಡಿಸಿದೆಯಲ್ಲ."

ಮುದುಕರ ಕಿವಿ! ಹಿಂದೆ ಗ್ರಾಮಫೋನ್ ತಟ್ಟೆ ಜೋರಾಗಿ ತಿರುಗಿಸಿದರೆ ಗಾಯಕನ ಧ್ವನಿ ಏರುತ್ತಿರಲಿಲ್ಲವೇ, ಅದೇ ಲೆಕ್ಕ. ವೇಗ ಸುಮಾರು 6 ಪರ್ಸೆಂಟ್ ಏರಿದರೆ ಶ್ರುತಿ ಒಂದು ಮನೆ ಏರುತ್ತದೆ. 130ರಿಂದ 138 ಅಂದರೆ ಅಷ್ಟೇ. ಬಿಳಿ 4ರ ಹಾಡು ಕಪ್ಪು 3ಕ್ಕೆ ಹತ್ತಿ ಕೂತಿತ್ತು. ವೇಗ ಏರಿದರೂ ಶ್ರುತಿ ಹಿಡಿದಿಡುವ ಗುಂಡಿಯೂ ಯಂತ್ರದಲ್ಲಿದೆ. ಹುಡುಗ ಒತ್ತಿದ. ಶ್ರುತಿ ಸೇರಿತು, ನಾದ ಮಾತ್ರ ತಗಡಾಯಿತು.

ಮಜಾ ಏನೆಂದರೆ, ಹಾರ್ಮೋನಿಯಂನಲ್ಲಿ ಅಕ್ಕಪಕ್ಕದ ಮನೆಗಳು ಕಿವಿಗೆ ಅಕ್ಕಪಕ್ಕದವಲ್ಲ. ಬಿಳಿ 1ಕ್ಕೆ ನಿಜವಾದ ನೆಂಟ ಬಿಳಿ 5, ನಮ್ಮ ಸ ಮತ್ತು ಪ. ಡಿಜೆಗಳು ಬಳಸುವ ಶ್ರುತಿಚಕ್ರದಲ್ಲಿ 1ರಿಂದ 12ರವರೆಗಿನ ಅಂಕಿಗಳನ್ನು ಜೋಡಿಸಿರುವುದೂ ಈ ನೆಂಟಸ್ತಿಕೆಯ ಮೇಲೆಯೇ. ಪಕ್ಕದ ಅಂಕಿಗೆ ಹೋದರೆ ಏಳರಲ್ಲಿ ಆರು ಸ್ವರ ಎರಡಕ್ಕೂ ಒಂದೇ. ಆದರೆ ಶುದ್ಧ ಡ್ರಮ್ಮಿನಂಥ ಟೆಕ್ನೋಗೆ ಚಕ್ರವೂ ಕೈಕೊಡುತ್ತದೆ, ಕಿವಿಯೇ ಗತಿ.

ದೊಡ್ಡಪ್ಪನಿಗೆ ಇದೆಲ್ಲ ಹೊಸದಲ್ಲ. ರಾತ್ರಿಯಾಟದಲ್ಲಿ ಎಳೆಯ ಭಾಗವತ ಎದ್ದು ದೊಡ್ಡ ಭಾಗವತರು ಕೂತಾಗ ಶ್ರುತಿ ಬದಲಾದರೆ, ಮದ್ದಳೆಯನ್ನೇ ಬದಲಿಸಬೇಕು. ಆ ಶ್ರುತಿಯದು ಮೊದಲೇ ಸಿದ್ಧವಾಗಿರಬೇಕು. ಆಟ ನಿಲ್ಲುವಂತಿಲ್ಲ.

"ಬಿಳಿ 3ರದ್ದು ಒಂದು ಹುಡುಕು. ಓಡಿಸಿದರೆ ತಾನೇ 4ಕ್ಕೆ ಬತ್ತು," ಅಂದರು.

ಹುಡುಗ ಪಟ್ಟಿ ಜಾಲಾಡಿ 130ರದ್ದೇ ಒಂದನ್ನು ತೆಗೆದ. ಏರಿಸಿದ. ಎರಡು ಹಾಡು ಯಾವಾಗ ಒಂದಾದವೋ ನನಗಂತೂ ತಿಳಿಯಲಿಲ್ಲ. ದೊಡ್ಡಪ್ಪ ಉಗುಳಲು ಎದ್ದು ಹೋದವರು ಬಂದು, ಜಗುಲಿ ಬಿಟ್ಟು ಯಂತ್ರದ ಪಕ್ಕವೇ ಕೂತರು. ಬೆರಳು ತೊಡೆಯ ಮೇಲೆ ಆಡುತ್ತಿತ್ತು. ಮೂರನೇ ಹಾಡಿಗೆ, "ಇದು ಬೇಡ, ಒಣಕಲು," ಅಂತ ಆಗಲೇ ತಕರಾರು!

ಮರುದಿನ ನಾನು ಯಲ್ಲಾಪುರದ ಬಸ್ಸು ಹಿಡಿದೆ. ಭಾನುವಾರ ಹುಡುಗನ ಸಂದೇಶ ಬಂತು: "ಎರಡನೇದು ಕೂತಿತು. ನಾಲ್ಕನೇದು ಸ್ವಲ್ಪ ಓಡಿತು. ಮುಂದಿನ ತಿಂಗಳು ಮತ್ತೆ ಬಾ ಅಂದಿದ್ದಾರೆ. ದೊಡ್ಡಪ್ಪ ತಾನೂ ಬತ್ತೆ ಹೇಳ್ತಾ ಇದ್ದ."