ಹಗೆಯ ಹದ

ಶಲವಡಿಯ ಎರೆಹೊಲದಲ್ಲಿ ಹಿಂಗಾರಿಗೆ ಕೂರಿಗೆ ಹೂಡುವ ದಿನವನ್ನು ಮಣ್ಣೇ ಹೇಳಬೇಕು. ಮಳೆ ನಿಂತ ಮರುದಿನವೇ ಇಳಿದರೆ ಎತ್ತಿನ ಕಾಲು ಮೇಲೇಳುವುದಿಲ್ಲ. ತೀರ ತಡೆದರೆ ಹಸಿ ಆರಿ ಕಡಲೆ ಹುಟ್ಟುವುದಿಲ್ಲ. ಹಗೆಗೂ ಇಂಥದೊಂದು ಹದ ಇರುತ್ತದೆ.

ಪಕ್ಕದ ಅಣ್ಣಿಗೇರಿಯನ್ನೇ ನೋಡಿ. ಕಲ್ಯಾಣದ ಚಾಲುಕ್ಯರ ಗದ್ದುಗೆಯನ್ನು ಅವರ ಸಾಮಂತನೇ ಆಗಿದ್ದ ಕಳಚುರಿ ಬಿಜ್ಜಳ ಕಿತ್ತುಕೊಂಡ. ಸುಮಾರು 1167ರಲ್ಲಿ ಅವನ ಕಾಲ ಮುಗಿಯಿತು. ಚಾಲುಕ್ಯರ ನಾಲ್ಕನೆಯ ಸೋಮೇಶ್ವರ ಆಗಲೇ ಗೆದ್ದು ಬರಲಿಲ್ಲ. ಬಿಜ್ಜಳನ ಮನೆತನದವರು ಒಬ್ಬರ ಹಿಂದೊಬ್ಬರು ಪಟ್ಟಕ್ಕೇರಿ ಇಳಿದು, ರಾಜ್ಯ ತಾನೇ ಸಡಿಲಾದ ಮೇಲೆ, 1183ರ ಸುಮಾರಿಗೆ ಅದು ಅವನ ಕೈಸೇರಿತು. ಅಣ್ಣಿಗೇರಿ ರಾಜಧಾನಿಯಾಯಿತು. ಆದರೆ ಕಾದು ಕುಳಿತವನು ಅವನೊಬ್ಬನೇ ಆಗಿರಲಿಲ್ಲವಲ್ಲ! ಉತ್ತರಕ್ಕೆ ಸೇವುಣರ ಭಿಲ್ಲಮ, ದಕ್ಷಿಣಕ್ಕೆ ಹೊಯ್ಸಳ ವೀರಬಲ್ಲಾಳ; ಇಬ್ಬರದೂ ಚಾಲುಕ್ಯರಿಗೆ ತಲೆಬಾಗಿದ್ದ ಮನೆತನ. ಏಳೆಂಟು ವರ್ಷದೊಳಗೆ ಸೋಮೇಶ್ವರನ ಆಳ್ವಿಕೆ ಮುಗಿಯಿತು. ನಡುವಿನವನು ಸರಿದದ್ದೇ ತಡ, ಅವರಿಬ್ಬರೇ ಗದಗ ಸೀಮೆಯ ಸೊರಟೂರಿನಲ್ಲಿ ಕಾದಿದರು. ಗೆದ್ದವನು ಬಲ್ಲಾಳ. ಕಾಯುವವನು ಎದುರಾಳಿಯ ಮೇಲಷ್ಟೇ ಕಣ್ಣಿಟ್ಟರೆ ಆಗುವುದು ಹೀಗೇ ಎಂದು ನನಗೆ ಅನ್ನಿಸುತ್ತದೆ.

ತಾಳ್ಮೆಯ ಮಾತು ಬಂದ ಮೇಲೆ ಭಾರತ ಬಾರದೆ ಇರುತ್ತದೆಯೇ? ಪಂಪ ಹುಟ್ಟಿದ್ದು ಅಣ್ಣಿಗೇರಿಯಲ್ಲಿ ಎನ್ನುತ್ತಾರೆ. ಕುಮಾರವ್ಯಾಸನ ಊರು ಕೋಳಿವಾಡ. ಧಾರವಾಡದ ಈ ಎರೆಸೀಮೆ ಕನ್ನಡಕ್ಕೆ ಎರಡು ಭಾರತ ಕೊಟ್ಟಿದೆ. ಹಾಗಾಗಿ ಇಲ್ಲಿಯ ಕಟ್ಟೆಗಳ ಮೇಲೆ ಧರ್ಮರಾಯನ ಪರ, ಭೀಮನ ಪರ ವಾದ ಹೂಡುವುದಕ್ಕೆ ನಮಗೆ ವಿಶೇಷ ಹಕ್ಕಿದೆ.

ಧರ್ಮರಾಯನ ಪರ ಹೇಳುವುದು ಸುಲಭ. ಜೂಜಿನ ಸಭೆಯಲ್ಲೇ ಭೀಮ ಗದೆ ಎತ್ತಿದ್ದರೆ ಅರ್ಜುನನ ಕೈಯಲ್ಲಿ ಪಾಶುಪತ ಇರುತ್ತಿರಲಿಲ್ಲ, ಬೆನ್ನಿಗೆ ಪಾಂಚಾಲ, ವಿರಾಟರ ದಂಡೂ ಇರುತ್ತಿರಲಿಲ್ಲ. ಒಪ್ಪೋಣ. ಆದರೆ ವನವಾಸ, ಅಜ್ಞಾತವಾಸದ ಆ ಹದಿಮೂರು ವರ್ಷ ದುರ್ಯೋಧನ ಸುಮ್ಮನೆ ಮಲಗಿದ್ದನೇ? ಕುರುಕ್ಷೇತ್ರದಲ್ಲಿ ಅವನದು 11 ಅಕ್ಷೌಹಿಣಿ, ಪಾಂಡವರದು 7. ಕಾಯುವ ಕಾಲ ಎರಡೂ ಮನೆಗೆ ಒಂದೇ.

ಇನ್ನು ಆ ತಾಳ್ಮೆಯ ಸಾಲ ತೀರಿಸಿದವಳು ಯಾರು? ವಿರಾಟನ ಮನೆಯ ಸೈರಂಧ್ರಿ. ಕೀಚಕ ತುಂಬಿದ ಸಭೆಯಲ್ಲಿ ಒದ್ದಾಗಲೂ ಕಂಕಭಟ್ಟನಾಗಿ ಕುಳಿತ ಗಂಡ ತಿಥಿ ಎಣಿಸುತ್ತಿದ್ದ. ಅವಳು ಇರುಳಲ್ಲಿ ಎದ್ದು ಹೋದದ್ದು ಭೀಮನಿದ್ದ ಅಡುಗೆಮನೆಗೆ. ಕೀಚಕ ಸತ್ತ, ಸುದ್ದಿ ಹಸ್ತಿನಾವತಿ ಮುಟ್ಟಿತು, ಕೌರವರು ದನ ಹಿಡಿಯುವ ನೆಪದಲ್ಲಿ ಬಂದರು. ಅಷ್ಟರಲ್ಲಿ ಅಜ್ಞಾತವಾಸದ ಅವಧಿ ತುಂಬಿತ್ತು. ಸ್ವಲ್ಪ ಹೆಚ್ಚುಕಡಿಮೆಯಾಗಿದ್ದರೆ ಮತ್ತೆ ಹನ್ನೆರಡು ವರ್ಷ ಕಾಡೇ ಗತಿ. ಅದು ದುಡುಕು ಎನ್ನುವವರು ಎನ್ನಲಿ. ನಾನು ದ್ರೌಪದಿಯ ಪರ.