ಮಿಸ್ಟ್ರಾ ಸತ್ತ ರಾತ್ರಿ

ಪತ್ರಿಕೋದ್ಯಮ ಓದುವಾಗ ಹಾಸ್ಟೆಲ್ಲಿನಲ್ಲಿ ನಾವು ಐದು ಜನ ರಾತ್ರಿ ಊಟವಾದ ಮೇಲೆ ಒಂದು ಆಟ ಆಡುತ್ತಿದ್ದೆವು. ಹೆಸರು ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್. ಮೊಬೈಲಿನ ಆಟವಲ್ಲ, 1974ರಲ್ಲಿ ಅಮೆರಿಕದಲ್ಲಿ ಶುರುವಾದ, ಸುತ್ತ ಕೂತು ಮಾತಾಡುತ್ತಾ ಆಡುವ ಆಟ. ಬಯಲಾಟ ನೋಡಿದವರಿಗೆ ಬೇಗ ತಿಳಿಯುತ್ತದೆ. ಒಬ್ಬ ಸಾರಥಿಯ ಹಾಗೆ ಕಥೆ ನಡೆಸುತ್ತಾನೆ, ಉಳಿದವರಿಗೆ ಒಬ್ಬೊಬ್ಬರಿಗೂ ಒಂದೊಂದು ಪಾತ್ರ. ಆದರೆ ಬಣ್ಣ ಹಚ್ಚುವುದಿಲ್ಲ, ಮಾತು ಬಾಯಿಪಾಠ ಇರುವುದಿಲ್ಲ, ಮುಂದೇನಾಗುತ್ತದೆ ಅಂತ ಸಾರಥಿಗೂ ಪೂರ್ತಿ ಗೊತ್ತಿರುವುದಿಲ್ಲ. ಬೀಸಿದ ಕತ್ತಿ ತಾಗಿತೋ ಇಲ್ಲವೋ ಎನ್ನುವುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ.

ಆ ದಾಳ ನಮಗೆಲ್ಲಿ ಸಿಗಬೇಕು? 1ರಿಂದ 20ರವರೆಗೆ ಚೀಟಿ ಬರೆದು ಮಡಚಿ ಸ್ಟೀಲ್ ಲೋಟಕ್ಕೆ ಹಾಕಿದೆವು. ಮೂಲ ನಿಯಮಗಳನ್ನು ಕಂಪನಿಯೇ ಪುಕ್ಕಟೆ ಕೊಡುತ್ತದೆ, ಬೇಕಾದ ಪುಟಗಳನ್ನು ಝೆರಾಕ್ಸ್ ಮಾಡಿಸಿಕೊಂಡೆವು.

ನಾವು ಆಡುತ್ತಿದ್ದ ಕಥಾಲೋಕದ ಹೆಸರು ಫರ್ಗಾಟನ್ ರೆಲ್ಮ್ಸ್. ಕೆನಡಾದ ಎಡ್ ಗ್ರೀನ್‌ವುಡ್ ಎನ್ನುವವರು ಸಣ್ಣ ಹುಡುಗನಿದ್ದಾಗಲೇ ಕಟ್ಟಲು ಶುರುಮಾಡಿದ ಲೋಕ ಅದು. 1987ರಲ್ಲಿ ಟಿಎಸ್ಆರ್ ಎಂಬ ಕಂಪನಿ ಅದನ್ನು ಆಟಕ್ಕಾಗಿ ಪ್ರಕಟಿಸಿತು. ಅಲ್ಲಿ ದೇವರಿಗೇನೂ ಬರವಿಲ್ಲ. ಕೊಲೆಗೊಬ್ಬ, ಕಾವಲಿಗೊಬ್ಬ, ಸತ್ತವರ ಲೆಕ್ಕ ಇಡಲಿಕ್ಕೊಬ್ಬ.

ನಮ್ಮಲ್ಲೊಬ್ಬ ಕೃಷ್ಣಾ ದಂಡೆಯ ಹುಡುಗ. ಅವನು ಪೂಜಾರಿಯ ಪಾತ್ರ ತಗೊಂಡ. ಯಾವ ದೇವರು ಅಂತ ಕೇಳಿದರೆ ಮಿಸ್ಟ್ರಾ ಅಂದ. ಆ ಲೋಕದ ಮಂತ್ರಶಕ್ತಿಯೆಲ್ಲ ಒಂದು ನೇಯ್ಗೆ, ಅದನ್ನು ಕಾಯುವ ತಾಯಿ ಅವಳು. ಅವಳ ಹೆಸರು ಹೇಳಿ ಗಾಯ ಮಾಯಿಸುವುದು ಇವನ ಕೆಲಸ. ಎರಡು ತಿಂಗಳಲ್ಲಿ ನಮ್ಮನ್ನೆಲ್ಲ ಎಷ್ಟು ಸಲ ಉಳಿಸಿದನೋ ಲೆಕ್ಕವಿಲ್ಲ.

ಸಾರಥಿಯಾದವನು ಕಥೆಯನ್ನು ಆ ಲೋಕದ 1385ನೇ ಇಸವಿಯಲ್ಲಿ ಇಟ್ಟಿದ್ದ. ಯಾಕೆ ಅಂತ ನಮಗೆ ಹೇಳಿರಲಿಲ್ಲ. ಒಂದು ರಾತ್ರಿ ನಮ್ಮಲ್ಲೊಬ್ಬನ ಪಾತ್ರ ಎದೆಗೆ ಬಾಣ ತಾಗಿ ಬಿದ್ದಿತ್ತು. ಪೂಜಾರಿ ಅವನ ಮೇಲೆ ಕೈ ಇಟ್ಟ, ದೇವಿಯ ಹೆಸರು ಹೇಳಿದ.

ಏನೂ ಆಗಲಿಲ್ಲ ಅಂದ ಸಾರಥಿ.

"ಚೀಟಿ ತೆಗೀಲೇನು?"

"ಚೀಟಿ ಬ್ಯಾಡೋ. ಕೇಳಾಕ ಅಕಿನ ಇಲ್ಲ. ನಿನ್ನ ದೇವಿ ಸತ್ತಾಳ."

ಬಾಣ ತಾಗಿದವನು ಸತ್ತ. ಪೂಜಾರಿ ಎದ್ದು ಚಪ್ಪಲಿ ಮೆಟ್ಟಿ ಹೊರಗೆ ಹೋದ. ಬೆಳಿಗ್ಗೆ ಮೆಸ್ಸಿನಲ್ಲೂ ಮಾತಿಲ್ಲ.

ಸಾರಥಿಯನ್ನು ಹಿಡಿದು ಕೇಳಿದೆವು. ಇದು ಅವನ ಸ್ವಂತ ಕಿತಾಪತಿಯಲ್ಲ. ಆ ಲೋಕದ ಇತಿಹಾಸದಲ್ಲೇ ಹಾಗಿದೆ. 1385ರಲ್ಲಿ ಶಾರ್ ಎಂಬ ಕತ್ತಲೆಯ ದೇವಿಯ ನೆರವಿನಿಂದ ಸಿರಿಕ್ ಎಂಬ ದೇವರು ಮಿಸ್ಟ್ರಾಳನ್ನು ಕೊಲ್ಲುತ್ತಾನೆ, ನೇಯ್ಗೆ ಹರಿಯುತ್ತದೆ, ಊರೂರೇ ಹಾಳಾಗುತ್ತವೆ. ಅದು ಕಥೆ. ನಿಜವಾದ ಕಾರಣ 2008ರದ್ದು. ಆ ವರ್ಷ ಆಟದ ನಾಲ್ಕನೇ ಆವೃತ್ತಿ ಬಂತು, ಮಂತ್ರ ಹಾಕುವ ಹಳೆಯ ನಿಯಮಗಳು ಬದಲಾದವು. ಹೊಸ ನಿಯಮಕ್ಕೆ ಕಥೆಯೊಳಗೊಂದು ಕಾರಣ ಬೇಕಲ್ಲ, ಮಂತ್ರ ಕಾಯುವವಳು ಸತ್ತಳು.

ಇದು ಮೊದಲ ಸಲವೂ ಅಲ್ಲ. 1989ರಲ್ಲಿ ಎರಡನೇ ಆವೃತ್ತಿ ಬಂದಾಗ ಕೊಲೆಗಡುಕನ ಪಾತ್ರವನ್ನು ಆಟದಿಂದ ತೆಗೆದರು. ಕಥೆಯಲ್ಲಿ ಬೇನ್ ಎಂಬ ದೇವರು ತನ್ನ ಬಲಕ್ಕಾಗಿ ಲೋಕದ ಕೊಲೆಗಡುಕರ ಪ್ರಾಣವನ್ನೆಲ್ಲ ಹೀರಿಬಿಟ್ಟ. ಕೊಲೆಯ ದೇವರಾದ ಭಾಲ್ ಒಂದು ಸೇತುವೆಯ ಮೇಲೆ ಸತ್ತ. ಕೊಂದವನು ಇದೇ ಸಿರಿಕ್, ಆಗಿನ್ನೂ ಬರಿ ಮನುಷ್ಯ, ಅದೂ ಕಳ್ಳ. ಕೊಂದು ತಾನೇ ದೇವರಾದ! ಮಿಸ್ಟ್ರಾ ಆಗಲೂ ಸತ್ತಿದ್ದಳು. ದೇವರುಗಳಿಗೂ ಒಡೆಯನಾದ ಏಓ, ಕಳುವಾದ ವಿಧಿಫಲಕಗಳ ಸಿಟ್ಟಿಗೆ ಎಲ್ಲರನ್ನೂ ಭೂಮಿಗೆ ದಬ್ಬಿದ್ದ. ಇವಳು ವಾಪಸು ಹತ್ತಲು ಹೋದಳು, ಕಾವಲಿಗಿದ್ದ ಹೆಲ್ಮ್ ಅಲ್ಲೇ ಕೊಂದ. ಮಿಡ್‌ನೈಟ್ ಎಂಬ ಮಂತ್ರಗಾತಿ ಅವಳ ಜಾಗವನ್ನೂ ಹೆಸರನ್ನೂ ತಗೊಂಡಳು. ಅದಕ್ಕೂ ಹಿಂದೆ, ಆ ಲೋಕದ ಹಳೆಯ ಕಾಲದಲ್ಲಿ, ಕಾರ್ಸಸ್ ಎಂಬ ಮಾಂತ್ರಿಕ ದೇವಿಯ ಶಕ್ತಿಯನ್ನೇ ಕಸಿಯಲು ನೋಡಿದಾಗ ಮಿಸ್ಟ್ರಿಲ್ ಎಂಬ ಹೆಸರಿನಲ್ಲಿದ್ದ ಅವಳು ನೇಯ್ಗೆ ಉಳಿಸಲು ತಾನೇ ಪ್ರಾಣ ಬಿಟ್ಟಿದ್ದಳು. ಒಟ್ಟು ಮೂರು ಸಾವು.

ಪುಸ್ತಕದ ಹೊಸ ಪ್ರಿಂಟ್ ಬಂದರೆ ದೇವರಿಗೆ ಸಾವು! ನಾವು ನಾಲ್ವರೂ ಬಿದ್ದು ಬಿದ್ದು ನಕ್ಕೆವು.

ಇನ್ನೊಂದು ನಿಯಮ ಓದಿದಾಗ ಮಾತ್ರ ನಗು ಸ್ವಲ್ಪ ಕಡಿಮೆಯಾಯಿತು. 1989ರ ಆ ಗಲಾಟೆಯ ಕೊನೆಗೆ ಏಓ ಒಂದು ಕಟ್ಟಳೆ ಮಾಡುತ್ತಾನೆ. ಇನ್ನು ಮುಂದೆ ದೇವರ ಬಲ ಭಕ್ತರ ಮೇಲೆ. ಭಕ್ತರು ಎಷ್ಟು ಮಂದಿ, ಎಷ್ಟು ನಂಬುತ್ತಾರೆ, ಅಷ್ಟು ಶಕ್ತಿ. ಅಮೌನೇಟರ್ ಎಂಬ ಹಳೆಯ ಸೂರ್ಯದೇವ ಯಾರ ಕತ್ತಿಗೂ ಸಾಯಲಿಲ್ಲ. ರಾಜ್ಯ ಬಿತ್ತು, ಕಷ್ಟಕ್ಕೆ ಆಗಲಿಲ್ಲ ಅಂತ ಜನ ಕೈಬಿಟ್ಟರು, ಕರಗಿಹೋದ. ಹೀಗೆ ಸತ್ತ ದೇವರುಗಳ ಹೆಣ ಗುಡ್ಡದಷ್ಟು ದೊಡ್ಡ ಕಲ್ಲಾಗಿ ಆಸ್ಟ್ರಲ್ ಎಂಬ ಶೂನ್ಯದಲ್ಲಿ ತೇಲುತ್ತವೆ. ಅಂಥ ಒಂದು ಹೆಣದ ಮೇಲೆ ಗಿತ್‌ಯಾಂಕಿ ಎಂಬ ಜನ ಊರನ್ನೇ ಕಟ್ಟಿಕೊಂಡಿದ್ದಾರೆ.

ಮೂರನೇ ದಿನ ಪೂಜಾರಿ ಟೆರೇಸಿನ ಮೇಲೆ ಸಿಕ್ಕ. ಆಟದ ಸಿಟ್ಟು ಇಷ್ಟು ದಿನ ಯಾಕಲೇ ಅಂತ ಕೇಳಿದೆವು. ನಾವೂ ತಿಳಿದದ್ದನ್ನೆಲ್ಲ ಹೇಳಿದೆವು, ಭಕ್ತರ ಲೆಕ್ಕದ ನಿಯಮವನ್ನೂ. ಅದನ್ನು ಹೇಳಬಾರದಿತ್ತೇನೋ.

"ನಮ್ಮ ಊರು ಹಿನ್ನೀರಾಗ ಹೋತು, ನಾ ಹುಟ್ಟೂದಕ್ಕಿಂತ ಮೊದಲ" ಅಂದ. "ದ್ಯಾಮವ್ವನ್ನ ಟ್ರ್ಯಾಕ್ಟರ್‌ನ್ಯಾಗ ತಂದ್ರಂತ. ಅಜ್ಜ ತೆಕ್ಕೀಲೆ ಹಿಡ್ಕೊಂಡು ಕುಂತಿದ್ನಂತ, ಗುಡಿ ಮುಳುಗೂದು ನೋಡಬಾರದು ಅಂತ ಅಕಿ ಮುಖಕ್ಕ ಸೀರಿ ಮುಚ್ಚಿ. ಮಂದಿ ಮೂರು ಕಡೆ ಹಂಚಿ ಹೋದ್ರು. ಜಾತ್ರಿ ಮಾಡಬೇಕಂದ್ರ ಪಟ್ಟಿ ಎತ್ತಾಕ ಮನಿ ಸಾಲೂದಿಲ್ಲ. ಈಗ ದಿನಾ ದೀಪಕ್ಕ ಎಣ್ಣಿ ಹಾಕಾಂವ ನಮ್ಮಜ್ಜ ಒಬ್ಬನ. ನಿಮ್ಮ ಆಟದ ಲೆಕ್ಕ ಹಿಡದ್ರ ನಮ್ಮ ದ್ಯಾಮವ್ವ ಸತ್ತು ಎಷ್ಟು ವರ್ಷ ಆತು, ಹೇಳ್ರಿ ನೋಡೂನು?"

ನಮ್ಮ ಹತ್ತಿರ ಉತ್ತರವಿರಲಿಲ್ಲ. ಮರುದಿನದ ಕ್ಲಾಸಿಗೆ ಮುಳುಗಡೆ ಊರುಗಳ ಬಗ್ಗೆಯೇ ನಾವೊಂದು ವರದಿ ಬರೆದು ಕೊಡಬೇಕಿತ್ತು. ಎಷ್ಟು ಎಕರೆ, ಎಷ್ಟು ಮನೆ ಅಂತ ಕೇಳಿ ಬರೆದುಕೊಂಡಿದ್ದೆವು. ದೀಪಕ್ಕೆ ಎಣ್ಣೆ ಯಾರು ಹಾಕುತ್ತಾರೆ ಅಂತ ಯಾರನ್ನೂ ಕೇಳಿರಲಿಲ್ಲ.

ಸಾರಥಿ ಆ ರಾತ್ರಿ ಮೊಬೈಲು ಹಿಡಿದು ಕೂತು ಇನ್ನಷ್ಟು ಹುಡುಕಿದ. 2010ರಲ್ಲಿ ಗ್ರೀನ್‌ವುಡ್ ತಾವೇ ಬರೆದ ಕಾದಂಬರಿಯಲ್ಲಿ, ಸತ್ತಳೆಂದಿದ್ದ ಮಿಸ್ಟ್ರಾಳ ಒಂದು ಚೂರು ಉಳಿದಿರುತ್ತದೆ. ಎಲ್ಲಿ? ಒಂದು ಕರಡಿಯ ಮೈಯಲ್ಲಿ. 2014ರ ಐದನೇ ಆವೃತ್ತಿಯ ಹೊತ್ತಿಗೆ ಅವಳು ದೇವರ ಸಾಲಿಗೆ ವಾಪಸಾಗಿದ್ದಳು. ಅಂದರೆ ನಾವು ಝೆರಾಕ್ಸ್ ಮಾಡಿಸಿದ್ದ ನಿಯಮಗಳ ಕಾಲಕ್ಕೆ ದೇವಿ ಬದುಕೇ ಇದ್ದಳು! ಕಥೆಯ ಲೆಕ್ಕದಲ್ಲಿ ಮಾತ್ರ ಇನ್ನೂ ನೂರು ವರ್ಷದ ಮಾತು.

"ನೂರು ವರ್ಷ ನನ್ನ ಪೂಜಾರಿ ಬದುಕತಾನೇನು?" ಅಂತ ಅವನು ಕೇಳಿದ. ಆದರೂ ಆಟಕ್ಕೆ ಬಂದ. ಬೇರೆ ದೇವರನ್ನು ಹಿಡಿ, ಮಂತ್ರಗಳೆಲ್ಲ ವಾಪಸು ಕೊಡುತ್ತೇನೆ ಅಂತ ಸಾರಥಿ ಹೇಳಿನೋಡಿದ. ಇವನು ಒಪ್ಪಲಿಲ್ಲ.

ಕೊನೆಗೆ ನಾವೇ ಒಂದು ನಿಯಮ ಮಾಡಿದೆವು. ಪ್ರತಿ ರಾತ್ರಿ ಆಟ ಶುರುವಾಗುವ ಮೊದಲು ಪೂಜಾರಿ ಒಂದು ಚೀಟಿ ತೆಗೆಯಬೇಕು. 20 ಬಂದರೆ ದೇವಿಗೆ ಕೇಳಿಸಿತು ಅಂತ ಅರ್ಥ. ಅಲ್ಲಿಯವರೆಗೆ ಮಂತ್ರವಿಲ್ಲ.

ಪರೀಕ್ಷೆ ಹತ್ತಿರ ಬರುವವರೆಗೂ ಹಾಗೇ ಆಡಿದೆವು. ನಮ್ಮ ಪಾತ್ರಗಳು ಒಂದಾದ ಮೇಲೊಂದು ಬೆಂಕಿ ಉಗುಳುವುದು, ಮಿಂಚು ಎಸೆಯುವುದು ಕಲಿತವು. (ಮಂತ್ರದೇವಿ ಸತ್ತ ಲೋಕದಲ್ಲಿ ಇದು ಹೇಗೆ ಸಾಧ್ಯ ಅಂತ ಕೇಳಬೇಡಿ, ಸಾರಥಿಯದು ಪಕ್ಷಪಾತ.) ಪೂಜಾರಿಯ ಕೈಯಲ್ಲಿ ಒಂದು ಗದೆ, ಚೀಲದಲ್ಲಿ ಹರಿದ ಬಟ್ಟೆ. ಬಿದ್ದವರಿಗೆ ಪಟ್ಟಿ ಕಟ್ಟುತ್ತಿದ್ದ, ನೀರು ಕುಡಿಸುತ್ತಿದ್ದ. ಕೆಲವರು ಉಳಿದರು, ಕೆಲವರು ಸತ್ತರು. ಮಲಗುವ ಮೊದಲು ದೇವಿಗೆ ದೀಪ ಹಚ್ಚಿದೆ ಅಂತ ಆಟದಲ್ಲಿ ತಪ್ಪದೆ ಹೇಳುತ್ತಿದ್ದ. ಮೊದಮೊದಲು ನಾವು ನಕ್ಕೆವು, ಆಮೇಲೆ ಅವನು ಹೇಳುವವರೆಗೆ ಕಾಯುತ್ತಿದ್ದೆವು.

ಚೀಟಿಯಲ್ಲಿ 20 ಮಾತ್ರ ಬರಲಿಲ್ಲ. 19 ಎರಡು ಸಲ ಬಂತು.

ಮಾರ್ಚಿನಲ್ಲಿ ಅವನ ಅಜ್ಜನಿಗೆ ಜ್ವರ ಬಂತು. ದೀಪಕ್ಕೆ ಎಣ್ಣೆ ಹಾಕುವವರಿಲ್ಲ ಅಂತ ಇವನು ಬಸ್ಸು ಹತ್ತಿ ಊರಿಗೆ ಹೋದ. ಆ ವಾರ ನಾವು ಆಟ ನಿಲ್ಲಿಸಲಿಲ್ಲ, ಅವನ ಪರವಾಗಿ ಒಬ್ಬ ಚೀಟಿ ತೆಗೆದ. 20.

ಕೂಗಿದ ಕೂಗಿಗೆ ಪಕ್ಕದ ಕೋಣೆಯವರು ಎದ್ದು ಬಂದರು. ಫೋನು ಮಾಡಬೇಡ, ಬಂದ ಮೇಲೇ ಹೇಳೋಣ ಅಂತ ಮಾತಾಡಿಕೊಂಡು ಆ ಚೀಟಿಯನ್ನು ಎತ್ತಿಟ್ಟೆವು.

ನಾಲ್ಕು ದಿನ ಬಿಟ್ಟು ಬಂದ. ಅಜ್ಜ ಹುಷಾರಾಗಿದ್ದ. ಚೀಟಿ ಕೈಗೆ ಕೊಟ್ಟೆವು. ತಿರುವಿ ಮುರುವಿ ನೋಡಿದ.

"ನಾ ಇರಲಿಲ್ಲಲ್ಲ" ಅಂದ. "ಇದು ಲೆಕ್ಕಕ್ಕಿಲ್ಲ."

ಚೀಟಿ ಮತ್ತೆ ಮಡಚಿ ಲೋಟಕ್ಕೆ ಹಾಕಿ, ಅಲುಗಾಡಿಸಿ, ಕೈ ಹಾಕಿದ. 7 ಬಂತು.